ಮೂರು ಯುಎಸ್‌ಬಿ ಹಬ್‌ಗಳು, ಒಂದು ಹತ್ತು ಓಮ್ ರೆಸಿಸ್ಟರ್

ಬದಿಯಡ್ಕದಲ್ಲಿರುವ ನನ್ನ ಅಂಗಡಿಯಲ್ಲಿ ಪ್ರಿಂಟರ್, ಸ್ಕ್ಯಾನರ್, ಬೆರಳಗುರುತಿನ ಯಂತ್ರ, ವೆಬ್‌ಕ್ಯಾಮ್ ಇವೆಲ್ಲ ಒಂದೇ ಕಂಪ್ಯೂಟರಿಗೆ ಜೋಡಣೆಯಾಗಬೇಕು. ಅದರ ಮೇಲೆ ಅರ್ಜಿ ಹಾಕಲು ಬಂದವರ ಪೆನ್‌ಡ್ರೈವ್‌ಗಳು. ಒಂದು ಯುಎಸ್‌ಬಿ ಪೋರ್ಟನ್ನು ಹಲವಾಗಿಸುವ ಹಬ್‌ಗಳನ್ನು ಎರಡು ವರ್ಷಗಳಲ್ಲಿ ಮೂರು ಕೊಂಡಿದ್ದೇನೆ: 280 ರೂಪಾಯಿಯ ನಾಲ್ಕು ಪೋರ್ಟಿನದು, 950 ರೂಪಾಯಿಯ ಅಡಾಪ್ಟರ್ ಸಹಿತದ ಏಳು ಪೋರ್ಟಿನದು, ಕೊನೆಗೆ ಮಂಗಳೂರಿನಿಂದ ತಂದ 2,600 ರೂಪಾಯಿಯದು. ಮೇಜಿನ ಮೇಲೆ ಈಗ ಉಳಿದಿರುವುದು ಮೂರನೆಯದು. ಮೊದಲೇ ಅದನ್ನು ತಂದಿದ್ದರೆ ಮಿಕ್ಕೆರಡರ ಹಣವಲ್ಲದೆ, ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಒಂದು ಎಸ್‌ಎಂಪಿಎಸ್‌ನ ಹಣವೂ ಉಳಿಯುತ್ತಿತ್ತು.

ಆ ಎಸ್‌ಎಂಪಿಎಸ್ ಕಥೆಯೇ ಈ ಹೋಲಿಕೆಗೆ ಕಾರಣ. ಸಿಡಿಲಿನ ಹೆದರಿಕೆಯಿಂದ ರಾತ್ರಿ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟು ಮನೆಗೆ ಹೋಗುವುದು ನನ್ನ ಅಭ್ಯಾಸ. ಎರಡನೆಯ ಹಬ್ ಬಂದ ಮೇಲೆ ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲತೊಡಗಿತು. ರಿಪೇರಿಯವರು ರ‍್ಯಾಮನ್ನು ರಬ್ಬರಿನಿಂದ ಉಜ್ಜಿದರು, ಬಳಿಕ ಎಸ್‌ಎಂಪಿಎಸ್ ಬದಲಿಸಿ 1,400 ರೂಪಾಯಿ ಪಡೆದರು. ಎರಡು ದಿನ ಸರಿಯಿತ್ತು, ಮೂರನೆಯ ದಿನ ಮತ್ತೆ ಅದೇ ಪಾಡು. ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸಹಾಯಕ್ಕಿರುವ ಹುಡುಗಿ, "ಅಣ್ಣಾ, ಪ್ಲಗ್ ತೆಗೆದ ಮೇಲೂ ಒಳಗೆ ದೀಪ ಉರಿಯುತ್ತಾ ಉಂಟಲ್ಲ?" ಎಂದಳು. ಡಬ್ಬಿಯ ಬದಿಯ ತೂತುಗಳಿಂದ ಇಣುಕಿದೆ; ಮದರ್‌ಬೋರ್ಡಿನ ಹಸಿರು ದೀಪ ಮಂಕಾಗಿ ಉರಿಯುತ್ತಲೇ ಇತ್ತು.

ವಿದ್ಯುತ್ತು ಬರುತ್ತಿದ್ದುದು ಹಬ್ಬಿನಿಂದ. ಅದರಿಂದ ಮದರ್‌ಬೋರ್ಡ್ ರಾತ್ರಿ ಪೂರ್ತಿ ಆರದೆ, ಬೆಳಿಗ್ಗೆ ಸರಿಯಾಗಿ ಶುರುವಾಗುತ್ತಿರಲಿಲ್ಲ. ಅದರ ಅಡಾಪ್ಟರ್ ಮೇಜಿನ ಹಿಂದೆ, ಮೋಡೆಮಿನ ಬೋರ್ಡಿನಲ್ಲಿತ್ತು. ಅದನ್ನು ನಾನು ಎಂದೂ ಆರಿಸುತ್ತಿರಲಿಲ್ಲ. ಸ್ವಂತ ಅಡಾಪ್ಟರ್ ಇರುವ ಹಬ್ ತನ್ನ ಕೆಳಗಿನ ಪೋರ್ಟುಗಳಿಗೆ ವಿದ್ಯುತ್ ಕೊಡಬೇಕೇ ಹೊರತು ಮೇಲಿನ ಕಂಪ್ಯೂಟರಿಗೆ ಹಿಂದಕ್ಕೆ ತಳ್ಳಬಾರದು ಎಂಬುದು ಯುಎಸ್‌ಬಿಯ ನಿಯಮ. ಯುಎಸ್‌ಬಿಯ ನಿಯಮಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಮ್‌ನ ಪರೀಕ್ಷೆಗಳಲ್ಲಿ ಇದಕ್ಕೆಂದೇ ಬ್ಯಾಕ್ ವೋಲ್ಟೇಜ್ ಪರೀಕ್ಷೆ ಇದೆ. ಅದರಲ್ಲಿ ವಿದ್ಯುತ್ತಿನ ತಂತಿಯಲ್ಲಾಗಲಿ, ಡೇಟಾದ ಎರಡು ತಂತಿಗಳಲ್ಲಾಗಲಿ 0.4 ವೋಲ್ಟ್ ಮೀರಿದರೆ ಉಪಕರಣ ಅನುತ್ತೀರ್ಣ. ಹಳೆಯ ಎಕ್ಸ್‌ಟೆನ್ಶನ್ ಕೇಬಲೊಂದನ್ನು ನಡುವೆ ಕತ್ತರಿಸಿ, ಪ್ಲಗ್ ತೂರಿಸುವ ತುದಿಯ ಕೆಂಪು ಮತ್ತು ಕಪ್ಪು ತಂತಿಗಳ ಸಿಪ್ಪೆ ಸುಲಿದು, ಅದಕ್ಕೆ ಹಬ್ಬಿನ ಕಂಪ್ಯೂಟರ್ ಕಡೆಯ ಪ್ಲಗ್ಗನ್ನು ಸಿಕ್ಕಿಸಿ ಮಲ್ಟಿಮೀಟರ್ ಹಿಡಿದೆ. ಮೀಟರ್ 4.92 ವೋಲ್ಟ್ ತೋರಿಸಿತು. ವಿದ್ಯುತ್ ಹಿಂದಕ್ಕೆ ಹರಿಯದಂತೆ ಒಳಗೆ ಇರಬೇಕಾಗಿದ್ದ ಒಂದು ಡಯೋಡನ್ನೋ ಸ್ವಿಚ್ಚನ್ನೋ ಉಳಿಸಲು ಹೋದವರಿಂದಾಗಿ ನನ್ನ 1,400 ರೂಪಾಯಿ ಕೈಬಿಟ್ಟಿತು. ಮೂರನೆಯ ಹಬ್ಬಿನಲ್ಲಿ ಇದೇ ಅಳತೆ ಸೊನ್ನೆಯ ಆಸುಪಾಸಿನಲ್ಲೇ ಇತ್ತು.

ಆ ಬಳಿಕ ಭಾರದ ಪರೀಕ್ಷೆಯನ್ನೂ, ಅಂದರೆ ಪೋರ್ಟಿನಿಂದ ವಿದ್ಯುತ್ ಎಳೆದಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆಂಬ ಪರೀಕ್ಷೆಯನ್ನೂ ಮಾಡಿದೆ. ಹತ್ತು ಓಮ್, ಐದು ವ್ಯಾಟ್‌ನ ರೆಸಿಸ್ಟರೊಂದನ್ನು ಪೋರ್ಟಿಗೆ ಕಟ್ಟಿದರೆ ಸುಮಾರು 500 ಮಿಲಿಆಂಪಿಯರ್ ಹರಿಯುತ್ತದೆ. ಬರಿಗೈಯಲ್ಲಿ ಮುಟ್ಟಬಾರದು, ಸುಡುತ್ತದೆ. ಅಡಾಪ್ಟರ್ ಇರುವ ಯುಎಸ್‌ಬಿ 2.0 ಹಬ್ ಈ ಭಾರದಲ್ಲಿ 4.75 ವೋಲ್ಟಿಗಿಂತ ಕೆಳಗಿಳಿಯಬಾರದು. ಎರಡನೆಯದು 4.58ಕ್ಕೆ ಇಳಿಯಿತು, ಮೂರನೆಯದು 4.93ರಲ್ಲಿ ನಿಂತಿತು. ಅಡಾಪ್ಟರ್ ಇಲ್ಲದ ಮೊದಲನೆಯದನ್ನು ಇದೇ ಭಾರದಲ್ಲಿ ಅಳೆಯುವುದು ನ್ಯಾಯವಲ್ಲ; ಅಂಥ ಹಬ್ ಕಂಪ್ಯೂಟರಿನಿಂದ ಪಡೆಯಬಹುದಾದ 500 ಮಿಲಿಆಂಪಿಯರಿನಲ್ಲಿ ಪ್ರತಿ ಪೋರ್ಟಿಗೆ 100ನ್ನಷ್ಟೇ ಕೊಡಬೇಕಾದ್ದು, ಮಿತಿಯೂ 4.40 ವೋಲ್ಟ್. 47 ಓಮ್ ಕಟ್ಟಿದಾಗ ಅದು 4.6 ಕೊಟ್ಟು ಉತ್ತೀರ್ಣವಾಯಿತು. ಆದರೆ ತನಗೆ ಸ್ವಂತ ವಿದ್ಯುತ್ ಇದೆಯೆಂದು ಅದು ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಆದ್ದರಿಂದ ಬೆರಳಗುರುತಿನ ಯಂತ್ರ ಶಕ್ತಿ ಸಾಲದೆ ನಡುವೆ ನಿಂತರೂ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ.

ವೇಗದ ವಿಚಾರದಲ್ಲಿ ನನ್ನ ಕೆಲಸಕ್ಕೆ ಮೂರೂ ಒಂದೇ.

ಉಪಕರಣ ನಿಯಮದಂತೆ ಉತ್ತರಿಸುತ್ತದೆಯೇ ಎಂದು ನೋಡಲು ಫೋರಮ್ ಉಚಿತವಾಗಿ ಕೊಡುವ ಕಮಾಂಡ್ ವೆರಿಫೈಯರ್ ತಂತ್ರಾಂಶವನ್ನೂ ಒಮ್ಮೆ ಓಡಿಸಿದೆ. ಪರೀಕ್ಷೆ ನಡೆಯುವಷ್ಟು ಹೊತ್ತು ಕಂಪ್ಯೂಟರಿನ ಯುಎಸ್‌ಬಿ ಕಂಟ್ರೋಲರನ್ನು ಅದು ವಿಂಡೋಸಿನ ಕೈಯಿಂದ ತಾನೇ ವಹಿಸಿಕೊಳ್ಳುವುದರಿಂದ ಕೀಬೋರ್ಡೂ ಮೌಸೂ ಒಟ್ಟಿಗೆ ಸತ್ತವು. ಅಟ್ಟದಲ್ಲಿದ್ದ, ಯುಎಸ್‌ಬಿ ಅಲ್ಲದ ದುಂಡು ಪ್ಲಗ್ಗಿನ ಹಳೆಯ ಪಿಎಸ್/2 ಕೀಬೋರ್ಡ್ ಇಳಿಸಿ ಮುಂದುವರಿಯಬೇಕಾಯಿತು. ಗಿರಾಕಿಗಳಿರುವಾಗ ಇದಕ್ಕೆ ಕೈಹಾಕಬಾರದು. ದಿನಬಳಕೆಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು, ಎಲ್ಲ ಉಪಕರಣಗಳನ್ನೂ ಸಿಕ್ಕಿಸಿ ಕಂಪ್ಯೂಟರನ್ನು ಹತ್ತು ಸಲ ಮಲಗಿಸಿ ಎಬ್ಬಿಸಿ, ಯಾವುದು ಕಾಣೆಯಾಗುತ್ತದೆಂದು ನೋಡುವುದು. ಮೂರನೆಯದರಲ್ಲಿ ಒಂದೂ ಕಾಣೆಯಾಗಲಿಲ್ಲ. ಎರಡನೆಯದರಲ್ಲಿ ಸ್ಕ್ಯಾನರ್ ಮೂರು ಸಲ ತಪ್ಪಿಸಿಕೊಂಡಿತು.

ಮೂರನೆಯದರಲ್ಲೂ ಕುಂದಿದೆ. ಯುಎಸ್‌ಬಿ 3 ಪೋರ್ಟಿನಲ್ಲಿ ಡಿಸ್ಕ್ ಓಡುವಾಗ ಪಕ್ಕದ ತಂತಿರಹಿತ ಮೌಸ್ ತಡವರಿಸುತ್ತದೆ. ಆ ವೇಗದ ಸಂಕೇತಗಳು ಇಂಥ ಮೌಸ್ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆಂದು ಇಂಟೆಲ್ 2012ರಲ್ಲೇ ಬರೆದಿತ್ತು. ಮೌಸಿನ ರಿಸೀವರನ್ನು ಕಂಪ್ಯೂಟರಿನ ಮುಂಭಾಗದ ಪೋರ್ಟಿಗೆ ಬದಲಿಸಿದೆ, ಸರಿಹೋಯಿತು.

ಡಬ್ಬದ ಮೇಲೆ ಯುಎಸ್‌ಬಿ ಲಾಂಛನ ಮೂರರಲ್ಲೂ ಇತ್ತು. ಫೋರಮ್‌ನ ಉತ್ತೀರ್ಣರ ಪಟ್ಟಿಯಲ್ಲಿ ಹೆಸರು ಸಿಕ್ಕಿದ್ದು ಮೂರನೆಯದಕ್ಕೆ ಮಾತ್ರ. ಮನೆಯಲ್ಲಿ ಕೀಬೋರ್ಡ್ ಮತ್ತು ಮೌಸ್ ಮಾತ್ರ ಬೇಕಾದವರು 280ರದ್ದನ್ನು ಕೊಳ್ಳಬಹುದು, ನಾನೂ ಅದನ್ನು ಮನೆಗೆ ಒಯ್ದಿದ್ದೇನೆ. 950ರದ್ದಕ್ಕೆ ಈಗ ಕಂಪ್ಯೂಟರಿನ ಸಂಬಂಧವಿಲ್ಲ. ಅದರ ಕಂಪ್ಯೂಟರ್ ಕಡೆಯ ಪ್ಲಗ್ಗಿಗೆ ಕಪ್ಪು ಟೇಪು ಸುತ್ತಿ, ಸರದಿಗೆ ಕಾಯುವವರು ಮೊಬೈಲ್ ಚಾರ್ಜ್ ಮಾಡಿಕೊಳ್ಳಲೆಂದು ಬೆಂಚಿನ ಬಳಿ ಇಟ್ಟಿದ್ದೇನೆ.