ಕ್ಯಾನಿಕ್ರಾಸ್ ಓಟದ ಸಲಕರಣೆ: ಹಾರ್ನೆಸ್‌ಗೆ ಹಣ ಹಾಕಿ, ಉಳಿದದ್ದು ಆಮೇಲೆ

ಸಾಕುನಾಯಿಯ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಕಾಡುದಾರಿ, ಹೊಲದ ಬದು, ಕೆಸರಿನ ಇಳಿಜಾರುಗಳಲ್ಲಿ ಅದರ ಜೊತೆಗೇ ಓಡುವ ಪಂದ್ಯಕ್ಕೆ ಕ್ಯಾನಿಕ್ರಾಸ್ ಎಂದು ಹೆಸರು. ಹಿಮವಿಲ್ಲದ ತಿಂಗಳುಗಳಲ್ಲಿ ಸ್ಲೆಡ್ ನಾಯಿಗಳ, ಅಂದರೆ ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗಳ, ಮೈಕಟ್ಟು ಸಡಿಲಾಗದಿರಲಿ ಎಂದು ಅವುಗಳ ಒಡೆಯರು ಮಾಡಿಸುತ್ತಿದ್ದ ಅಭ್ಯಾಸವೇ ಬೆಳೆದು ಈ ಆಟವಾಯಿತು. ಈಗ ಇಂಗ್ಲೆಂಡಿನಲ್ಲಿ ಹಸ್ಕಿ ಎಂಬ ಸ್ಲೆಡ್ ನಾಯಿಯ ಮುಖವನ್ನೇ ಹತ್ತಿರದಿಂದ ಕಾಣದವರೂ ತಮ್ಮ ಸ್ಪ್ಯಾನಿಯಲ್, ಕೋಲಿ, ಲ್ಯಾಬ್ರಡಾರ್‌ಗಳೊಂದಿಗೆ ಭಾನುವಾರ ಬೆಳಿಗ್ಗೆ ಐದು ಕಿಲೋಮೀಟರಿನ ಪಂದ್ಯಗಳಿಗೆ ಸಾಲುಗಟ್ಟುತ್ತಾರೆ. ಇಲ್ಲಿ ನೆಲೆಸಿರುವ ನಾನು ಓಡುವುದು ಬೆಳ್ಳಿ ಎಂಬ ಬೂದುಬಣ್ಣದ ಹೆಣ್ಣು ಲರ್ಚರ್ (ಗ್ರೇಹೌಂಡ್‌ನಂಥ ಬೇಟೆನಾಯಿಯ ಮಿಶ್ರತಳಿ) ಜೊತೆ. ಈ ಓಟಕ್ಕೆ ಬೇಕಾಗುವ ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ ಪಟ್ಟಿಗಳ ಜೋಡಣೆ), ಓಟಗಾರನ ಸೊಂಟದ ಬೆಲ್ಟ್ ಮತ್ತು ಎಳೆತಕ್ಕೆ ಹಿಗ್ಗುವ ಹಗ್ಗ, ಈ ಮೂರನ್ನೂ ಬಳಸಿ ನೋಡಿದ ಮೇಲಿನ ಅಭಿಪ್ರಾಯ ಇದು.

ಹೊಸದಾಗಿ ಶುರು ಮಾಡುವವರು ಮೊದಲು ತಮ್ಮ ಬೂಟು, ತಮ್ಮ ಬೆಲ್ಟಿನ ಬಗ್ಗೆ ವಿಚಾರಿಸುತ್ತಾರೆ, ನಾಯಿಗೆ ಮನೆಯಲ್ಲಿರುವ ವಾಕಿಂಗ್ ಹಾರ್ನೆಸ್ ಸಾಕಲ್ಲವೇ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ಪೂರ್ತಿ ತಲೆಕೆಳಗು. ವಾಕಿಂಗ್ ಹಾರ್ನೆಸ್ ತಯಾರಾಗಿರುವುದು ನಾಯಿ ಎಳೆಯದಿರಲಿ ಎಂದು. ಇಲ್ಲಿಯಾದರೋ ಎಳೆಯುವುದೇ ಅದರ ಕೆಲಸ. ಅಂಥ ಹಾರ್ನೆಸ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಎದೆಯ ಮುಂದೆ ಅಡ್ಡಪಟ್ಟಿಯೊಂದು ಇರುತ್ತದೆ. ನಾಯಿ ಓಡುವಾಗ ಮುಂಗಾಲನ್ನು ಚಾಚಿದಷ್ಟೂ ಆ ಪಟ್ಟಿ ಹೆಗಲಿನ ಕೀಲಿಗೆ ಒತ್ತಿ ಹೆಜ್ಜೆಯನ್ನೇ ಮೊಟಕುಗೊಳಿಸುತ್ತದೆ. ಬೆಳ್ಳಿಗೆ ನಾನು ಮೊದಲು ಕೊಂಡಿದ್ದು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕ ಇಂಥದ್ದೇ ಒಂದು ಮಾಲು. ಅದನ್ನು ಹಾಕಿ ಓಡಿದ ಕೆಲವೇ ವಾರಗಳಲ್ಲಿ ಅವಳ ಮುಂಗಾಲಿನ ಕಂಕುಳಲ್ಲಿ ಕೂದಲು ಉದುರಿ, ತೊಗಲು ಕೆಂಪೇರಿತ್ತು. ಲರ್ಚರ್, ಗ್ರೇಹೌಂಡ್‌ಗಳ ಚರ್ಮ ತೀರ ತೆಳು, ರೋಮ ಗಿಡ್ಡ. ಉಜ್ಜಿದ ಗುರುತು ಬೇಗ ಕಾಣುತ್ತದೆ. ದಟ್ಟ ರೋಮದ ನಾಯಿಯಲ್ಲಿ ಅದೇ ಗಾಯ ಕೈಯಿಟ್ಟು ಹುಡುಕುವವರೆಗೆ ತಿಳಿಯುವುದಿಲ್ಲ.

ಈಗ ಬಳಸುತ್ತಿರುವುದು ನಾರ್ವೆಯ ನಾನ್-ಸ್ಟಾಪ್ ಡಾಗ್‌ವೇರ್ ಕಂಪನಿಯ ಫ್ರೀಮೋಷನ್ ಹಾರ್ನೆಸ್. ಇದರ ಮುಂಭಾಗ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಎದೆಮೂಳೆಯ ಮೇಲೆ ಕೂರುವುದರಿಂದ ಎರಡೂ ಹೆಗಲುಗಳು ಬಿಡುವಾಗಿರುತ್ತವೆ, ಶ್ವಾಸನಾಳದ ಮೇಲೆ ಭಾರ ಬೀಳುವುದಿಲ್ಲ. ಕತ್ತಿನ ಸುತ್ತ ಮೆತ್ತನೆಯ ಒಳಪದರವಿದೆ. ಹಗ್ಗ ಸಿಕ್ಕಿಸುವ ಕುಣಿಕೆ ಇರುವುದು ಬೆನ್ನಿನ ನಡುವಲ್ಲಲ್ಲ, ಬಾಲದ ಬುಡದ ಹತ್ತಿರ. ಅಲ್ಲಿಂದ ಹಗ್ಗ ಓಟಗಾರನ ಸೊಂಟಕ್ಕೆ ಓರೆಯಾಗಿ ಏರುವುದರಿಂದ ಎಳೆತ ಬೆನ್ನಿನುದ್ದಕ್ಕೂ ಹರಡಿ ಹೋಗುತ್ತದೆ. ನಾಯಿಯ ಮುಂಭಾಗವನ್ನು ಯಾರೋ ಮೇಲಕ್ಕೆ ಎತ್ತಿದಂತಾಗುವುದಿಲ್ಲ. ಬೆಳ್ಳಿಯ ಓಟದಲ್ಲಿ ನನ್ನ ಕಣ್ಣಿಗೆ ಬಿದ್ದ ವ್ಯತ್ಯಾಸವೆಂದರೆ, ಏರು ಹತ್ತುವಾಗ ಅವಳು ತಲೆಯನ್ನು ತಗ್ಗಿಸಿ ಹಿಂಗಾಲುಗಳಿಂದ ನೆಲವನ್ನು ಒದೆಯುತ್ತಾಳೆ. ಹಳೆಯದರಲ್ಲಿ ಅದೇ ಏರಿನಲ್ಲಿ ಕತ್ತೆತ್ತಿಕೊಂಡು ಕೆಮ್ಮುತ್ತಿದ್ದಳು.

ಆದರೆ ಎಷ್ಟು ಒಳ್ಳೆಯ ಹಾರ್ನೆಸ್ ಆದರೂ ಅಳತೆ ತಪ್ಪಿದರೆ ಹಣ ದಂಡ. ಇದರ ಕತ್ತಿನ ಸುತ್ತಳತೆ ಹಿಗ್ಗಿಸುವಂಥದ್ದಲ್ಲ. ತಲೆಯ ಮೇಲಿಂದ ತೂರಿಸಿ ತೊಡಿಸಬೇಕು, ಎದೆಯ ಕೆಳಗಿನ ಪಟ್ಟಿಗಳನ್ನು ಮಾತ್ರ ಬಿಗಿ-ಸಡಿಲ ಮಾಡಬಹುದು. ತೊಡಿಸುವಾಗ ಕಿವಿಯ ಬಳಿ ಸ್ವಲ್ಪ ಹಿಡಿದಂತಾಗಿ, ಕತ್ತಿಗಿಳಿದ ಮೇಲೆ ಎರಡು ಬೆರಳು ತೂರುವಷ್ಟು ಜಾಗ ಉಳಿದರೆ ಅದು ಸರಿಯಾದ ಅಳತೆ ಎಂಬುದು ನನ್ನ ಅನುಭವ. ಆಮೇಲೆ ಹಗ್ಗ ಸಿಕ್ಕಿಸಿ, ಯಾರಾದರೂ ಮುಂದೆ ನಿಂತು ತಿಂಡಿ ತೋರಿಸಿ ನಾಯಿಯನ್ನು ಎಳೆಯುವಂತೆ ಮಾಡಿ ನೋಡಬೇಕು, ಏಕೆಂದರೆ ಸುಮ್ಮನೆ ನಿಂತಾಗ ಚೆನ್ನಾಗಿ ಕಾಣುವ ಹಾರ್ನೆಸ್ ಎಳೆತ ಬಿದ್ದಾಗ ಪಕ್ಕಕ್ಕೆ ಸರಿಯುವುದೋ ಗಂಟಲಿಗೆ ಏರುವುದೋ ಆಗಲೇ ಬಯಲಾಗುವುದು. ಇಲ್ಲಿನ ಪಂದ್ಯಗಳ ಬಳಿ ಮಳಿಗೆ ಹಾಕುವ ವ್ಯಾಪಾರಿಗಳು ನಾಯಿಗೆ ತೊಡಿಸಿ, ಓಡಿಸಿ ನೋಡಲು ಬಿಡುತ್ತಾರೆ. ಆನ್‌ಲೈನ್ ರಿಯಾಯಿತಿಗಿಂತ ಈ ಸೌಲಭ್ಯಕ್ಕೆ ಬೆಲೆ ಹೆಚ್ಚು.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮೈಕಟ್ಟೂ ಬೆಳ್ಳಿಯ ಬಗೆಯದೇ: ಆಳವಾದ ಎದೆ, ಸಣ್ಣ ನಡು, ಉದ್ದ ಕತ್ತು. ಇಂಥ ನಾಯಿಗೆ ಎದೆಯ ಅಳತೆ ನೋಡಿ ಹಾರ್ನೆಸ್ ಕೊಂಡರೆ ಕತ್ತಿನಲ್ಲಿ ಜೋಲುತ್ತದೆ, ಕತ್ತು ನೋಡಿ ಕೊಂಡರೆ ಎದೆಯಲ್ಲಿ ಬಿಗಿಯುತ್ತದೆ. ಮುಧೋಳ ಸಾಕಿದವರು ಕತ್ತಿನ ಅಳತೆಯನ್ನೇ ಹಿಡಿದು, ಎದೆಪಟ್ಟಿಯಲ್ಲಿ ಧಾರಾಳವಾಗಿ ಸಡಿಲಿಸಲು ಬರುವ ಮಾದರಿಯನ್ನು ಹುಡುಕುವುದು ಮೇಲು. ಅದು ಮೊಲದ ಬೆನ್ನಟ್ಟಿ ಮಿಂಚಿನಂತೆ ಓಡಲು ಬೆಳೆದ ತಳಿ. ಒಂದೇ ಹದದಲ್ಲಿ ಐದು ಕಿಲೋಮೀಟರು ಎಳೆಯುವುದನ್ನು ನಿಧಾನವಾಗಿ ಕಲಿಸಬೇಕಾಗುತ್ತದೆ ಎಂಬುದನ್ನು ಬೆಳ್ಳಿಯನ್ನು ನೋಡಿ ಹೇಳಬಲ್ಲೆ.

ಬೆಲ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲವಾಗಿರಬೇಕು, ಸೊಂಟದ ಮೇಲ್ಭಾಗಕ್ಕೆ ಜಾರದೆ ಪೃಷ್ಠದ ಮೇಲೆಯೇ ಕೂರಬೇಕು, ಅದಕ್ಕಾಗಿ ತೊಡೆಯ ಸುತ್ತ ಬರುವ ಪಟ್ಟಿಗಳಿರಬೇಕು. ಪಟ್ಟಿಯಿಲ್ಲದ ಬೆಲ್ಟ್ ಬೆನ್ನಿನ ಕೆಳಭಾಗಕ್ಕೆ ಏರಿ ಕೂತರೆ ಮರುದಿನ ಹಾಸಿಗೆಯಿಂದ ಏಳುವಾಗ ಅದರ ಪರಿಣಾಮ ತಿಳಿಯುತ್ತದೆ. ಬಿದ್ದಾಗ ಒಂದೇ ಎಳೆತಕ್ಕೆ ಹಗ್ಗ ಕಳಚುವ ಕೊಂಡಿ ಇದ್ದರೆ ಒಳ್ಳೆಯದು. ಇಷ್ಟಿದ್ದರೆ ಮಧ್ಯಮ ಬೆಲೆಯ ಯಾವ ಬೆಲ್ಟಾದರೂ ನಡೆಯುತ್ತದೆ; ಜೇಬು, ನೀರಿನ ಬಾಟಲಿಯ ಜಾಗ ಇವೆಲ್ಲ ಶೋಕಿ.

ಹಗ್ಗ ಹಾಗಲ್ಲ. ಹಿಗ್ಗಿದಾಗ ಸುಮಾರು 2 ಮೀಟರು ಬರುವ, ಒಳಗೆ ರಬ್ಬರಿನ ಎಳೆಯಿರುವ ಬಂಜಿ ಹಗ್ಗವೇ ಬೇಕು. ನಾಯಿ ತಟ್ಟನೆ ಜಿಗಿದಾಗ ಅದರ ಬೆನ್ನಿಗೂ ನಮ್ಮ ಸೊಂಟಕ್ಕೂ ಬೀಳುವ ಹೊಡೆತವನ್ನು ನುಂಗಿಕೊಳ್ಳುವುದು ಅದೇ. ರಬ್ಬರು ಬಳಸಿದಷ್ಟೂ ಸೊರಗುತ್ತದೆ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ಬಿಟ್ಟಾಗ ಅದು ಚುರುಕಾಗಿ ಮುದುಡಿಕೊಳ್ಳದೆ ಹಾವಿನಂತೆ ಬಿದ್ದುಕೊಂಡರೆ ಬದಲಾಯಿಸುವ ಕಾಲ ಬಂದಿದೆ ಎಂದೇ ಅರ್ಥ. ನಾಯಿಯ ಕಡೆಯ ಕೊಂಡಿ ಆದಷ್ಟೂ ಹಗುರವಾಗಿರಲಿ; ಭಾರದ ಕೊಂಡಿ ಪ್ರತಿ ಹೆಜ್ಜೆಗೂ ಅದರ ಬಾಲದ ಬುಡಕ್ಕೆ ಬಡಿಯುತ್ತಿರುತ್ತದೆ.

ಈ ಸಲಕರಣೆಯನ್ನು ಎಲ್ಲೆಡೆ ಬಳಸಲಾಗದು ಎಂಬುದನ್ನೂ ಕೊಳ್ಳುವ ಮುನ್ನ ತಿಳಿದಿರಬೇಕು. ಬ್ರಿಟನ್ನಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಉಚಿತವಾಗಿ ನಡೆಯುವ ಐದು ಕಿಲೋಮೀಟರಿನ ಪಾರ್ಕ್‌ರನ್‌ನಲ್ಲಿ 2022ರ ಏಪ್ರಿಲ್‌ನಿಂದ ಸೊಂಟಕ್ಕೆ ಕಟ್ಟುವ ಹಗ್ಗಕ್ಕೆ ಅವಕಾಶವಿಲ್ಲ. ನಾಯಿಗಳಿಗೆ ಪ್ರವೇಶವಿರುವ ಕಡೆಗಳಲ್ಲಿಯೂ ಕೈಯಲ್ಲಿ ಹಿಡಿದ ಗಿಡ್ಡ ಹಗ್ಗದಲ್ಲಿ, ಒಬ್ಬರಿಗೆ ಒಂದೇ ನಾಯಿ. ಜನಸಂದಣಿಯ ನಡುವೆ ಎರಡು ಮೀಟರು ಹಗ್ಗ ಎಂಥ ಎಡವು ಎಂಬುದನ್ನು ನೋಡಿದವರು ಈ ನಿಯಮಕ್ಕೆ ತಕರಾರು ಎತ್ತಲಾರರು. ಕ್ಯಾನಿಕ್ರಾಸ್ ಪಂದ್ಯಗಳಲ್ಲಿ ಓಟಗಾರರನ್ನು ಸಾಮಾನ್ಯವಾಗಿ ಅಂತರವಿಟ್ಟು ಬಿಡುತ್ತಾರೆ, ನಾಯಿಗೆ ಕನಿಷ್ಠ 12 ತಿಂಗಳು ತುಂಬಿರಬೇಕೆಂದು ಕೇಳುತ್ತಾರೆ, ಓಟಗಾರ ನಾಯಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವಂತಿಲ್ಲ.

ಯಾವ ಹಾರ್ನೆಸ್ಸೂ ಬಿಸಿಲನ್ನು ತಡೆಯುವುದಿಲ್ಲ. ನಾಯಿ ಮೈಯ ಕಾವನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನಿಂದ; ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದೂ ಸಾಲದಾಗುತ್ತದೆ. ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಕ್ಯಾನಿಕ್ರಾಸ್ ಪಂದ್ಯಗಳಲ್ಲಿಯೇ ನಾಯಿಗಳ ಮೈಬಿಸಿಯನ್ನು ಅಳೆದು ನೋಡಿದಾಗ ಗಂಡು ನಾಯಿಗಳು, ಕಡುಬಣ್ಣದ ನಾಯಿಗಳು ಮತ್ತು ವೇಗವಾಗಿ ಓಡಿದವು ಹೆಚ್ಚು ಕಾವೇರುವುದು ಕಂಡುಬಂತು. ಇಲ್ಲಿ ಪಂದ್ಯಗಳು ಹೆಚ್ಚಾಗಿ ಶರತ್ಕಾಲದಿಂದ ವಸಂತದವರೆಗಿನ ತಂಪಿನಲ್ಲಿ ನಡೆಯುವುದು ಈ ಕಾರಣಕ್ಕೇ. ಬೆಂಗಳೂರಿನಲ್ಲಿ ಇದನ್ನು ಮಾಡಬಯಸುವವರಿಗೆ ಡಿಸೆಂಬರ್-ಜನವರಿಯ ನಸುಕು ಬಿಟ್ಟರೆ ಬೇರೆ ಒಳ್ಳೆಯ ಸಮಯ ಕಡಿಮೆ, ಡಾಂಬರು ರಸ್ತೆಯಂತೂ ಬೇಡವೇ ಬೇಡ. ಕರಾವಳಿಯವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ಫ್ರೀಮೋಷನ್ ಬೆಲೆ ಮಾಮೂಲಿ ವಾಕಿಂಗ್ ಹಾರ್ನೆಸ್‌ಗಿಂತ ಬಹಳ ಹೆಚ್ಚು, ಭಾರತಕ್ಕೆ ತರಿಸಿದರೆ ಸಾಗಣೆ ಮತ್ತು ಸುಂಕವೂ ಸೇರುತ್ತದೆ. ವಾರಕ್ಕೊಮ್ಮೆ ಉದ್ಯಾನದಲ್ಲಿ ಸುಮ್ಮನೆ ಹೆಜ್ಜೆ ಹಾಕುವವರಿಗೆ ಇದು ಬೇಕಿಲ್ಲ. ನಿಯಮಿತವಾಗಿ ಓಡುವವರು, ನಾಯಿಯ ಬೆಳವಣಿಗೆ ಪೂರ್ತಿಯಾದ ಮೇಲೆ, ಪಶುವೈದ್ಯರಿಂದ ಕೀಲು ಮತ್ತು ಹೃದಯವನ್ನು ಪರೀಕ್ಷಿಸಿಕೊಂಡು, ಒಂದೇ ಸಲಕ್ಕೆ ಎಲ್ಲವನ್ನೂ ಕೊಳ್ಳದೆ ಮೊದಲು ಹಾರ್ನೆಸ್, ಆಮೇಲೆ ಹಗ್ಗ, ಕೊನೆಗೆ ಬೆಲ್ಟ್ ಎಂಬ ಕ್ರಮದಲ್ಲಿ ಕೊಳ್ಳಬಹುದು. ಕೆಸರಿನಲ್ಲಿ ಓಡಿಬಂದ ದಿನವೇ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಹಾಕಿ. ಒಣಗಿದ ಮಣ್ಣಿನ ಕಣಗಳು ಒಳಪದರದಲ್ಲಿ ಉಳಿದರೆ ಒಳ್ಳೆಯ ಹಾರ್ನೆಸ್ಸೂ ಉಜ್ಜಲು ಶುರುಮಾಡುತ್ತದೆ.