ಎಂಟು ವರ್ಷ ಕೇಳಿದ ಮೇಲೆ: ಮೈನ್‌ಕ್ರಾಫ್ಟ್ ಸಂಗೀತ, ಜೊತೆಗೆ ಇನ್ನೊಂದೆರಡು

ಮೊದಲೇ ಹೇಳಿಬಿಡುತ್ತೇನೆ, ಈಗ ನಾನು ಗೇಮ್ ಆಡುವುದು ಕಡಿಮೆ. ಕೆಲಸ ಕಾರವಾರದಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಶನಿವಾರ ಬಸ್ಸು ಹತ್ತಿದರೆ ಅಂಕೋಲಾ, ಕುಮಟಾ ದಾಟಿ, ದೇವಿಮನೆ ಘಟ್ಟ ಏರಿ, ಮನೆ ಸೇರುವಾಗ ಕತ್ತಲೆ. ಈ ದಾರಿಗೆ ನನ್ನ ಕಿವಿಯಲ್ಲಿ ಇರುವುದು ಗೇಮ್‌ಗಳ ಸಂಗೀತ ಮಾತ್ರ. ಸಿನಿಮಾ ಹಾಡು ಬೇಕಾದರೆ ಪಕ್ಕದ ಸೀಟಿನವರ ಮೊಬೈಲಿನಲ್ಲಿ ಜೋರಾಗಿ ಇದ್ದೇ ಇರುತ್ತದೆ, ಅಲ್ವಾ?

ಜಾಸ್ತಿ ಕೇಳಿದ್ದು ‘ಮೈನ್‌ಕ್ರಾಫ್ಟ್ ವಾಲ್ಯೂಮ್ ಆಲ್ಫಾ’, ಅಂದರೆ ಕಲ್ಲು ಮಣ್ಣು ಅಗೆದು ಬೇಕಾದ್ದು ಕಟ್ಟುವ ಮೈನ್‌ಕ್ರಾಫ್ಟ್ ಗೇಮ್‌ನ ಸಂಗೀತದ ಆಲ್ಬಮ್. ಬ್ಯಾಂಡ್‌ಕ್ಯಾಂಪ್ ಅನ್ನುವ ಸಂಗೀತ ಮಾರುವ ವೆಬ್‌ಸೈಟಿನಲ್ಲಿ ದುಡ್ಡು ಕೊಟ್ಟು ಕೊಂಡದ್ದು. ಕೊಳ್ಳುವುದೇ ಒಂದು ಕಥೆ. ನನ್ನ ಕಾರ್ಡು ಹೊರದೇಶದ ವ್ಯವಹಾರಕ್ಕೆ ಎರಡು ಸಲ ಆಗುವುದಿಲ್ಲ ಅಂದಿತು. ಬ್ಯಾಂಕಿಗೆ ಫೋನ್ ಮಾಡಿದರೆ ಶಾಖೆಗೆ ಬನ್ನಿ ಅಂದರು. ಕೊನೆಗೆ ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನ ಕಾರ್ಡಿನಲ್ಲಿ ತಗೊಂಡೆ. ಹಾಡಿಗೆ ದುಡ್ಡು ಕೊಟ್ಟವನು ಅಂತ ಅವನು ಇವತ್ತಿಗೂ ನಗುತ್ತಾನೆ.

ಇದನ್ನು ಮಾಡಿದವರು ಜರ್ಮನಿಯ ಡೇನಿಯಲ್ ರೋಸನ್‌ಫೆಲ್ಡ್. ಸಿ418 ಅನ್ನುವುದು ಅವರು ಇಟ್ಟುಕೊಂಡ ಹೆಸರು. 2011ರಲ್ಲಿ ಬಂತು. 24 ತುಣುಕು, ಎಲ್ಲ ಸೇರಿ ಒಂದು ಗಂಟೆಗೆ ಸ್ವಲ್ಪ ಕಮ್ಮಿ. ಹೆಚ್ಚಿನವು ನಿಧಾನದ ಪಿಯಾನೋ. ‘ಸ್ವೀಡನ್’ ಅನ್ನುವುದನ್ನೇ ತಗೊಳ್ಳಿ, ಮೂರೂವರೆ ನಿಮಿಷ. ಕೆಲವೇ ಸ್ವರ, ಅದೇ ನಡಿಗೆ ಮತ್ತೆ ಮತ್ತೆ, ಆಮೇಲೆ ಅದರ ಮೇಲೆ ಇನ್ನೊಂದು ಪದರ ಮೆಲ್ಲಗೆ ಬಂದು ಕೂರುತ್ತದೆ. ಇಷ್ಟೇ. ಕೂತು ಗಮನ ಕೊಟ್ಟು ಕೇಳಿದರೆ ‘ಇದರಲ್ಲೇನಿದೆ’ ಅನ್ನಿಸಬಹುದು. ನನಗೂ ಅನ್ನಿಸಿತ್ತು.

ಅದರ ಗುಟ್ಟು ಇರುವುದು ಆಟದಲ್ಲಿ. ಅಲ್ಲಿ ಸಂಗೀತ ಬಿಡದೆ ಬರುವುದಿಲ್ಲ. ಒಂದು ತುಣುಕು ಮುಗಿಯಿತು ಅಂದರೆ ಮುಂದಿನದಕ್ಕೆ ಹತ್ತು, ಕೆಲವೊಮ್ಮೆ ಇಪ್ಪತ್ತು ನಿಮಿಷ ಏನೂ ಇಲ್ಲ. ನೀವು ನಿಮ್ಮ ಪಾಡಿಗೆ ಕಲ್ಲು ಕುಟ್ಟುತ್ತಾ ಇರುತ್ತೀರಿ, ಟಕ್ ಟಕ್ ಟಕ್. ಸಂಗೀತ ಅಂತ ಒಂದಿತ್ತು ಅನ್ನುವುದೇ ಮರೆತಿರುತ್ತದೆ. ಆಗ ಎಲ್ಲಿಂದಲೋ ನಾಲ್ಕು ಸ್ವರ. ಕೈ ನಿಲ್ಲುವುದಿಲ್ಲ, ಆದರೆ ಏನೋ ಒಂದು ಬದಲಾಗುತ್ತದೆ.

ಆಲ್ಬಮ್‌ನಲ್ಲಿ ಈ ಖಾಲಿ ಜಾಗ ಇಲ್ಲ. ಒಂದರ ಹಿಂದೆ ಒಂದು. ಅದಕ್ಕೇ ಮೊದಲ ವರ್ಷ ನನಗೆ ಅದು ಅಷ್ಟು ಹಿಡಿಸಲಿಲ್ಲ. ಆಮೇಲೆ ಒಂದು ಉಪಾಯ ಮಾಡಿದೆ. ಏನೂ ಸದ್ದಿಲ್ಲದ ಹತ್ತು ನಿಮಿಷದ ಫೈಲ್ ಒಂದನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಂಡು, ಎರಡೆರಡು ತುಣುಕಿನ ನಡುವೆ ಸೇರಿಸಿದೆ. ಖಾಲಿ ಫೈಲಿಗೆ ಫೋನಿನಲ್ಲಿ ಜಾಗ ಕೊಟ್ಟವನು ಊರಲ್ಲಿ ನಾನೊಬ್ಬನೇ ಇರಬೇಕು.

ಅದನ್ನು ಸರಿಯಾಗಿ ಪರೀಕ್ಷೆ ಮಾಡಿದ್ದು ಅಡಿಕೆ ಸುಗ್ಗಿಯಲ್ಲಿ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಹಸಿ ಅಡಿಕೆ ರಾಶಿ. ಆರೇಳು ಜನ ಮೆಟ್ಟುಗತ್ತಿ ಹಿಡಿದು ಕೂತಿದ್ದೆವು. ಮೂಲೆಯಲ್ಲಿ ಚಿಕ್ಕ ಸ್ಪೀಕರ್ ಇಟ್ಟು ಸುಮ್ನೆ ಹಚ್ಚಿದೆ. ಯಾರೂ ಏನೂ ಅನ್ನಲಿಲ್ಲ. ಚೆನ್ನಾಗಿದೆ ಅಂತಲೂ ಇಲ್ಲ, ತೆಗಿ ಅಂತಲೂ ಇಲ್ಲ. ಒಂದು ತುಣುಕು ಮುಗಿಯಿತು. ಸಿಪ್ಪೆ ಬೀಳುವ ಸದ್ದು, ಹೊರಗೆ ಜೀರುಂಡೆ. ಐದು ನಿಮಿಷ ಆಗಿತ್ತೋ ಏನೋ, ಆಯಿ ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದಳು: “ಹಾಡು ನಿಂತು ಹೋತಾ ತಮಾ?” ಅಲ್ಲಿಯವರೆಗೆ ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಈ ಆಲ್ಬಮ್‌ಗೆ ಇದಕ್ಕಿಂತ ಒಳ್ಳೆ ವಿಮರ್ಶೆ ನನ್ನಿಂದ ಬರೆಯಲಿಕ್ಕಾಗುವುದಿಲ್ಲ. 2025ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಯಿಗೆ ಹೇಳಿದೆ. “ಹೌದನ” ಅಂದು ಅಡಿಕೆ ಸುಲಿದಳು.

ಅದೇ ಪಟ್ಟಿಗೆ ಗೇಮ್ ಸಂಗೀತಗಳಲ್ಲಿ ಎಲ್ಲಕ್ಕಿಂತ ಮೊದಲು ಸೇರಿದ್ದು, 2023ರಲ್ಲಿ, ಸೂಪರ್ ಮಾರಿಯೋ ಬ್ರದರ್ಸ್‌ನ ರಾಗ. ನಮ್ಮ ಮನೆಗೆ ಮಾರಿಯೋ ಬಂದದ್ದು ಮಾರಿಕಾಂಬಾ ಜಾತ್ರೆ ಪೇಟೆಯ ಟಿವಿ ಗೇಮ್ ಡಬ್ಬಿಯಲ್ಲಿ. ಲಕ್ಷಗಟ್ಟಲೆ ಗೇಮ್ ಇದೆ ಅಂತ ಕ್ಯಾಸೆಟ್ ಮೇಲೆ ಬರೆದಿತ್ತು, ಎಣಿಸಿದರೆ ಹತ್ತೋ ಹನ್ನೆರಡೋ. 1985ರಲ್ಲಿ ಕೋಜಿ ಕೊಂಡೋ ಆ ರಾಗ ಮಾಡುವಾಗ ಯಂತ್ರದಲ್ಲಿ ಒಟ್ಟಿಗೆ ಹೊರಡಿಸಬಹುದಾಗಿದ್ದ ಸದ್ದು ಐದೇ ಎಳೆ. ಆಟದ ಸದ್ದುಗಳೂ ಅದರಲ್ಲೇ ಆಗಬೇಕು. ಮಾರಿಯೋ ಜಿಗಿದಾಗ ಆ ‘ಟೊಯ್ಂ’ ಸದ್ದು ಒಂದು ಎಳೆಯನ್ನು ಕಿತ್ತುಕೊಳ್ಳುತ್ತದೆ, ಅಷ್ಟು ಹೊತ್ತು ಸಂಗೀತ ಬಡವಾಗುತ್ತದೆ. ಹೆಡ್‌ಫೋನ್ ಹಾಕಿ ಕೇಳಿದರೆ ಗೊತ್ತಾಗುತ್ತದೆ. ಇನ್ನು ಟೈಮ್ 100ಕ್ಕಿಂತ ಕೆಳಗಿಳಿದರೆ ಅದೇ ರಾಗ ದಡಬಡ ಓಡತೊಡಗುತ್ತದೆ. ನನಗಿಂತ ಮೊದಲು ಬೆರಳು ಹೆದರುತ್ತಿತ್ತು.

ಯಕ್ಷಗಾನ ನೋಡಿದವರಿಗೆ ಇದೇನು ಹೊಸದಲ್ಲ. ಭಾಗವತರ ಕಣ್ಣು ವೇಷದ ಮೇಲೇ ಇರುತ್ತದೆ. ಇನ್ನೆರಡು ಸುತ್ತು ಕುಣಿಯುವ ಹುರುಪು ಕಂಡರೆ ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ, ಯುದ್ಧಕ್ಕೆ ನಿಂತರೆ ಚಂಡೆ ಏರುತ್ತದೆ. ಗೇಮ್‌ನಲ್ಲಿ ವೇಷ ಕಟ್ಟಿದವನು ನಾನು, ಅಷ್ಟೇ ವ್ಯತ್ಯಾಸ. ಹಾಗಾಗಿ ವೈಸ್ ಸಿಟಿ ಅನ್ನುವ ಗೇಮ್‌ನಲ್ಲಿ ಗಾಡಿ ಓಡಿಸುವಾಗ ಬರುವ ರೇಡಿಯೋ ಎಷ್ಟೇ ಮಜಾ ಇದ್ದರೂ ನನ್ನ ಲೆಕ್ಕದಲ್ಲಿ ಇಲ್ಲ. ಒಳ್ಳೆ ಹಾಡುಗಳೇ, ಆದರೆ ಹೆಚ್ಚಿನವು ಆಟಕ್ಕಿಂತ ಮೊದಲೇ ಇದ್ದವು. ಗಾಡಿ ಗುದ್ದಿದರೂ ಅವಕ್ಕೆ ಏನೂ ಆಗುವುದಿಲ್ಲ.

ಸ್ಟಾರ್‌ಡ್ಯೂ ವ್ಯಾಲಿ ತಗೊಂಡು ಐದು ವರ್ಷ. ಬೇಸಾಯದ ಆಟ, 2016ರದ್ದು. ಎರಿಕ್ ಬ್ಯಾರೋನ್ ಎನ್ನುವವರು ಕೋಡ್, ಚಿತ್ರ, ಸಂಗೀತ ಎಲ್ಲವನ್ನೂ ಒಬ್ಬರೇ ಮಾಡಿದ್ದು. ಒಂದೊಂದು ಋತುವಿಗೆ ಬೇರೆ ಬೇರೆ ರಾಗಗಳು. ಮಳೆ ಬಂದ ದಿನ ಹೊಲದಲ್ಲಿ ರಾಗ ಇಲ್ಲ, ಬರೀ ಮಳೆ ಸದ್ದು. ಎಷ್ಟು ಸರಿ ಅಲ್ವಾ! ಅಲ್ಲಿ ಒಂದು ಋತು ಅಂದರೆ 28 ದಿನ, ಅದರಲ್ಲಿ ಮಳೆ ಕೆಲವೇ ದಿನ. ಇವರನ್ನು ಒಂದು ಜುಲೈ ಶಿರಸಿಯಲ್ಲಿ ಇರಿಸಿಕೊಂಡಿದ್ದರೆ ಅರ್ಧ ಆಲ್ಬಮ್ ಬರುತ್ತಲೇ ಇರಲಿಲ್ಲ.

ದೂರುಗಳೂ ಇವೆ. ಆಲ್ಫಾ ಬಸ್ಸಿಗೆ ಆಗಿಬರುವುದಿಲ್ಲ. ಸದ್ದು ಅಷ್ಟು ಮೆಲ್ಲಗೆ, ಘಟ್ಟದಲ್ಲಿ ಸೆಕೆಂಡ್ ಗೇರ್ ಬಿತ್ತು ಅಂದರೆ ಪಿಯಾನೋ ಮುಳುಗಿಹೋಗುತ್ತದೆ. ನೆಟ್‌ವರ್ಕ್ ನಂಬಬೇಡಿ, ಡೌನ್‌ಲೋಡ್ ಮಾಡಿಯೇ ಹತ್ತಿ. ‘ಥರ್ಟೀನ್’ ಅನ್ನುವ ತುಣುಕನ್ನು ನಾನು ಪಟ್ಟಿಯಿಂದ ತೆಗೆದಿದ್ದೇನೆ. ಗುಹೆಯೊಳಗಿನ ಸದ್ದುಗಳು, ರಾಗ ಅನ್ನುವಂಥದ್ದು ಇಲ್ಲ. ಕತ್ತಲೆ ಘಟ್ಟದಲ್ಲಿ ಒಂದು ಸಲ ಕೇಳಿದ್ದು ಸಾಕು. ಅಂಡರ್‌ಟೇಲ್ ಅನ್ನುವ ಇನ್ನೊಂದು ಗೇಮ್‌ನ ಆಲ್ಬಮ್ ಚೆನ್ನಾಗಿದೆ, ಆದರೆ 101 ತುಣುಕು. ಕೆಲವು ಒಂದು ನಿಮಿಷವೂ ಇಲ್ಲ. ಆಟ ಆಡದವರಿಗೆ ತಲೆಬುಡ ಗೊತ್ತಾಗದು.

ಆಲ್ಫಾಗೆ ನಾಲ್ಕೂವರೆ ಸ್ಟಾರ್, ಅರ್ಧ ಕಡಿತ ಆ ಇಲ್ಲದ ಖಾಲಿ ಜಾಗಕ್ಕೆ. ‘ವಾಲ್ಯೂಮ್ ಬೀಟಾ’ಗೆ, ಅಂದರೆ 2013ರ ಎರಡನೇ ಆಲ್ಬಮ್‌ಗೆ, ಸ್ಟಾರ್ ಕೊಡಲು ಇನ್ನೂ ಟೈಮ್ ಬೇಕು. ಕೊಂಡು ಮೂರು ವರ್ಷವಾದರೂ ಒಂದೇ ಉಸಿರಿಗೆ ಪೂರ್ತಿ ಕೇಳಿಲ್ಲ. ಎರಡು ಗಂಟೆಗೂ ಜಾಸ್ತಿ ಇದೆ. ಕುಮಟಾದಲ್ಲಿ ಶುರು ಮಾಡಿದರೆ ಶಿರಸಿ ಬಸ್ ಸ್ಟ್ಯಾಂಡ್ ಬಂದರೂ ಮುಗಿಯುವುದಿಲ್ಲ.