ಏರೇಟರ್ ಹಾಕಿಸೋದಾ, ಮಳೆ ನೀರು ಹಿಡಿಯೋದಾ?

2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಒಣಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗ ತುಂಬಾ ಜನ ಏರೇಟರ್ (ನಲ್ಲಿಯ ಬಾಯಿಗೆ ಹಾಕುವ, ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಪುಟ್ಟ ಜಾಲರಿ) ಹುಡುಕಿಕೊಂಡು ಹೊರಟರು. ಅಗ್ಗದ ವಸ್ತು. ಬಾಡಿಗೆ ಮನೆಗೂ ಸರಿ. ಆದರೆ ಬಕೆಟ್ ತುಂಬಿಸುವ ನಲ್ಲಿಗೆ ಹಾಕಿ ಪ್ರಯೋಜನವಿಲ್ಲ, ಬಕೆಟ್ ನಿಧಾನವಾಗಿ ತುಂಬುತ್ತದೆ ಅಷ್ಟೇ. ಸಿಂಕ್, ವಾಶ್‌ಬೇಸಿನ್‌ಗೆ ಹಾಕಿ.

ಮಳೆ ನೀರಿನ ಲೆಕ್ಕವೇ ಬೇರೆ. ಒಂದು ಚದರ ಮೀಟರ್ ತಾರಸಿ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು, ಅಂದರೆ 100 ಚದರ ಮೀಟರ್ ತಾರಸಿಗೆ 20 ಮಿ.ಮೀ.ನ ಒಂದೇ ಜೋರು ಮಳೆಯಲ್ಲಿ ಹೆಚ್ಚುಕಮ್ಮಿ 2,000 ಲೀಟರ್. ಖರ್ಚು ಜಾಸ್ತಿ, ಫಿಲ್ಟರ್ ಆಗಾಗ ತೊಳೆಯಬೇಕು, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಬೇಕು. ಬೇಸಿಗೆಯಲ್ಲಿ ಹಾಕಿಸಿದರೆ ಸುಮ್ನೆ ಮೋಡ ನೋಡುತ್ತಾ ಕೂರಬೇಕು! ಸ್ವಂತ ಮನೆಯಾದರೆ ನಾನಂತೂ ಇದಕ್ಕೇ ದುಡ್ಡು ಹಾಕುತ್ತೇನೆ. ಸಂಪು ಮೊದಲೇ ಇದ್ದರೆ ಪೈಪು, ಫಿಲ್ಟರಿನ ಖರ್ಚು ಮಾತ್ರ ಅಲ್ವಾ.